ಭಗೀರಥನ ಹೆಸರೂ ಬಯಲುನಾಡಿನ ನೀರೂ

ಚಿತ್ರದುರ್ಗ ಜಿಲ್ಲೆಯಲ್ಲಿ ನೀರಿನ ಸಲುವಾಗಿ ಒಂದು ಕೆಲಸವನ್ನು ಮಾಡಿದವನಿಗೂ, ಮಾಡುವೆನೆಂದು ವಚನವಿತ್ತವನಿಗೂ, ಮಾಡಿಸಿಕೊಡಬೇಕೆಂದು ಅರ್ಜಿ ಬರೆದವನಿಗೂ ಸಲ್ಲುವ ಬಿರುದು ಒಂದೇ: ‘ಆಧುನಿಕ ಭಗೀರಥ’. ಸನ್ಮಾನಪತ್ರಗಳಲ್ಲಿ ಅದು ಉಂಟು. ಅಭಿನಂದನ ಗ್ರಂಥಗಳ ಮೊದಲ ಪದ್ಯದಲ್ಲಿ ಉಂಟು. ನಾಲೆಯ ಶಂಕುಸ್ಥಾಪನೆಯ ದಿನ ಬೀದಿಗೆ ಅಡ್ಡಲಾಗಿ ಕಟ್ಟುವ ಬಟ್ಟೆಯ ಮೇಲೆಯೂ ಉಂಟು. ಒಂದು ರೂಪಕವು ಇಷ್ಟು ಮಂದಿಗೆ ಒಪ್ಪುವಂತಾದರೆ, ಅದು ಯಾರನ್ನು ಕುರಿತೂ ಏನನ್ನೂ ಹೇಳದಷ್ಟು ಸವೆದಿದೆಯೆಂದೇ ತಿಳಿಯಬೇಕು. ಆದರೆ ಸವೆದ ನಾಣ್ಯವೂ ಪೇಟೆಯಲ್ಲಿ ನಡೆಯುತ್ತಲೇ ಇರುವಂತೆ, ಸವೆದ ರೂಪಕವೂ ಜನರ ಆಲೋಚನೆಯನ್ನು ತನ್ನ ಜಾಡಿನಲ್ಲಿ ಎಳೆದುಕೊಂಡು ಹೋಗುವುದುಂಟು. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ನೀರನ್ನು ಕುರಿತ ಮಾತೆಲ್ಲವೂ ‘ತರುವುದು’ ಎಂಬ ಒಂದೇ ಕ್ರಿಯಾಪದದ ಸುತ್ತ ತಿರುಗುತ್ತಿರುವುದಕ್ಕೆ ಈ ರೂಪಕವೂ ಒಂದು ಕಾರಣವೆನ್ನಬಹುದು. ಅಳೆಯುವುದು, ಹಂಚುವುದು, ಉಳಿಸುವುದು ಎಂಬ ಕ್ರಿಯಾಪದಗಳಿಗೆ ಕವಿಗಳ ಸಭೆಯಲ್ಲಿ ಇನ್ನೂ ಪೀಠ ದೊರೆತಿಲ್ಲ. ಹೀಗಾದುದು ಏಕೆಂಬ ಪ್ರಶ್ನೆ ಇಂಜಿನಿಯರುಗಳದಲ್ಲ, ಸಾಹಿತ್ಯವಿಮರ್ಶೆಯದು.

ಭಗೀರಥನನ್ನು ಮೂಲಪುರುಷನೆಂದು ಪೂಜಿಸುವ ಉಪ್ಪಾರ ಸಮಾಜದ ಪೂಜ್ಯಭಾವಕ್ಕೂ ಈ ವಿಚಾರಕ್ಕೂ ಸಂಬಂಧವಿಲ್ಲ. ಇಲ್ಲಿ ಪರೀಕ್ಷೆಗೆ ಬಂದಿರುವುದು ಆ ಹೆಸರನ್ನು ಹಗುರವಾಗಿ ಬಳಸುವವರ ಬರವಣಿಗೆ.

ಬಯಲುನಾಡಿನ ಈ ಎರಡು ತಾಲ್ಲೂಕುಗಳ ಪರಿಸ್ಥಿತಿಯನ್ನು ವಾಚಕರಿಗೆ ವಿಸ್ತರಿಸಿ ಹೇಳಬೇಕಾದುದಿಲ್ಲ. ಕರ್ನಾಟಕದಲ್ಲಿ ಅತ್ಯಂತ ಕಡಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಒಂದು. ವೇದಾವತಿಯೂ ಚಿನ್ನಹಗರಿಯೂ ವರ್ಷದ ಬಹುಭಾಗ ಮರಳಿನ ಹಾದಿಗಳಾಗಿಯೇ ಇರುವುವು. ಕೆಂಪು ನೆಲ, ಮಳೆಯನ್ನೇ ನಂಬಿದ ಶೇಂಗಾ, ಕುರಿಯ ಹಿಂಡು, ಕಂಬಳಿಯ ಮಗ್ಗ, ಮೊಳಕಾಲ್ಮೂರಿನ ಕಡೆ ರೇಷ್ಮೆ: ಇವುಗಳಿಂದ ಬದುಕು ಸಾಗಿಬಂದಿದೆ. ಚಳ್ಳಕೆರೆ, ಬೆಳಗೆರೆ ಎಂಬ ಹೆಸರುಗಳನ್ನು ಕೇಳಿದ ಪರಸ್ಥಳದವನು ಇದು ನೀರಿನ ನಾಡೆಂದು ಭ್ರಮಿಸಿಯಾನು. ನೀರು ತಾನಾಗಿ ನಿಲ್ಲದ ನೆಲದಲ್ಲಿಯೇ ಕೆರೆಯ ಹೆಸರು ಊರಿಗೆ ಅಂಟಿಕೊಳ್ಳುವುದು ಎಂಬುದು ಅವನಿಗೆ ಹೊಳೆಯುವುದು ಒಂದು ಬೇಸಗೆಯನ್ನು ಇಲ್ಲಿ ಕಳೆದ ಮೇಲೆಯೇ.

ಇನ್ನು ಮೂಲಕಥೆಯನ್ನು ನೋಡಬೇಕು. ರಾಮಾಯಣದ ಬಾಲಕಾಂಡದಲ್ಲಿ ಬರುವ ಗಂಗಾವತರಣದ ಕಥೆ ಎಲ್ಲರಿಗೂ ತಿಳಿದುದೇ. ಆದರೆ ಸನ್ಮಾನಪತ್ರದ ಕವಿಗಳು ಅದರಲ್ಲಿ ಒಬ್ಬನನ್ನು ಮಾತ್ರ ಎತ್ತಿಕೊಂಡು ಉಳಿದವರನ್ನು ಕೈಬಿಟ್ಟಿರುವರು. ಮೊದಲನೆಯದಾಗಿ, ಭಗೀರಥನು ಗಂಗೆಯನ್ನು ತಂದುದು ಬೆಳೆಗಾಗಿ ಅಲ್ಲ. ಬೂದಿಯಾಗಿ ಬಿದ್ದಿದ್ದ ಪಿತೃಗಳ ಸದ್ಗತಿಗಾಗಿ. ಆ ಕಥೆಯಲ್ಲಿ ಒಂದು ಮಡಿ ಗದ್ದೆಯೂ ನೆನೆಯುವುದಿಲ್ಲ. ಎರಡನೆಯದಾಗಿ, ಆ ಪಿತೃಗಳು ಬೂದಿಯಾದುದು ಹೇಗೆಂಬುದನ್ನು ನೆನೆಯಬೇಕು. ಸಗರನ ಅರುವತ್ತು ಸಾವಿರ ಮಕ್ಕಳು ಯಜ್ಞದ ಕುದುರೆಯನ್ನು ಹುಡುಕುತ್ತ ಭೂಮಿಯನ್ನು ಅಗೆದರು. ಒಂದು ದಿಕ್ಕಿನಲ್ಲಿ ಸಿಕ್ಕದಿದ್ದರೆ ಮತ್ತೊಂದು ದಿಕ್ಕಿನಲ್ಲಿ, ಇನ್ನೂ ಆಳಕ್ಕೆ, ಇನ್ನೂ ಆಳಕ್ಕೆ ಅಗೆದರು. ಅಂತರ್ಜಲವನ್ನು ಮಿತಿಮೀರಿ ಬಳಸಿದ ತಾಲ್ಲೂಕುಗಳ ಪಟ್ಟಿಯಲ್ಲಿ ಚಳ್ಳಕೆರೆಯ ಹೆಸರು ಬರುತ್ತಿರುವ ಈ ಕಾಲದಲ್ಲಿ, ಕೊಳವೆಬಾವಿ ಒಂದು ಬತ್ತಿದರೆ ಅದರ ಪಕ್ಕದಲ್ಲಿ ಮತ್ತೊಂದನ್ನು ಕೊರೆಯಿಸಿ ಸಾಲಕ್ಕೆ ಸಿಕ್ಕಿದ ಮನೆತನಗಳ ನಡುವೆ, ಈ ಭಾಗವನ್ನು ಯಾವ ಕವಿಯೂ ರೂಪಕವಾಗಿ ಬಳಸಿಕೊಳ್ಳದಿರುವುದು ಆಶ್ಚರ್ಯ. ಬಯಲುನಾಡಿಗೆ ಭಗೀರಥನಿಗಿಂತ ಸಗರಪುತ್ರರೇ ಹೆಚ್ಚು ಪರಿಚಿತರು. ಮೂರನೆಯದಾಗಿ, ಗಂಗೆಯನ್ನು ತಲೆಯಲ್ಲಿ ಹಿಡಿದು, ಜಟೆಯ ಸಂದಿಯಲ್ಲಿ ನಿಲ್ಲಿಸಿ, ಭೂಮಿ ತಾಳುವಷ್ಟನ್ನೇ ಬಿಟ್ಟವನು ಬೇರೊಬ್ಬನಿದ್ದಾನೆ. ದಾರಿಯಲ್ಲಿ ಇಡೀ ನದಿಯನ್ನೇ ಕುಡಿದು, ಬೇಡಿಕೊಂಡ ಮೇಲೆ ಬಿಟ್ಟುಕೊಟ್ಟ ಜಹ್ನುವೂ ಇದ್ದಾನೆ. (ನಾಲೆಯ ತಲೆಭಾಗದಲ್ಲಿ ಜಮೀನಿರುವವರ ಪೈಕಿ ಜಹ್ನುಗಳಿಗೆ ಎಂದೂ ಬರಗಾಲವಿಲ್ಲ, ಬೇಡಿಕೊಂಡರೂ ಬಿಟ್ಟುಕೊಡುವವರು ವಿರಳ.) ವಾಲ್ಮೀಕಿಯು ತರುವವನನ್ನು, ತಡೆದು ಬಿಡುವವನನ್ನು, ಕುಡಿದುಬಿಡುವವನನ್ನು, ಅಗೆದು ನಾಶವಾದವರನ್ನು ಒಂದೇ ಕಥೆಯಲ್ಲಿ ಸೇರಿಸಿದ್ದಾನೆ. ಅಷ್ಟು ಸಮೃದ್ಧವಾದ ಕಥೆಯನ್ನು ಬಿರುದಿನ ಅಳತೆಗೆ ಕತ್ತರಿಸಿದುದು ಈಚಿನವರ ಬಡತನ.

ಕನ್ನಡ ನಾಡಿನ ಹಳೆಯ ಬರವಣಿಗೆಯಲ್ಲಿಯೂ ಕೆರೆ ಕಟ್ಟಿಸಿದವನ ಹೊಗಳಿಕೆ ಬಹಳ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ಬಿ. ಎಲ್. ರೈಸರು ಕಂಡುಹಿಡಿದ ಅಶೋಕನ ಶಾಸನಗಳಲ್ಲಿ ತಾಯಿತಂದೆಗಳ ಸೇವೆ, ಜೀವದಯೆ, ಸತ್ಯವಚನಗಳ ಮಾತು ಇದೆ, ನೀರಿನ ಮಾತಿಲ್ಲ. ಅದಕ್ಕಾಗಿ ಚಿತ್ರದುರ್ಗದ ಮಗ್ಗುಲಲ್ಲಿರುವ ಚಂದ್ರವಳ್ಳಿಗೆ ಹೋಗಬೇಕು. ಅಲ್ಲಿಯ ಬಂಡೆಯ ಮೇಲೆ, ಕದಂಬರ ಮಯೂರಶರ್ಮನು ಒಂದು ತಟಾಕವನ್ನು ಮಾಡಿಸಿದನೆಂದು ಪ್ರಾಕೃತದಲ್ಲಿ ಕೆಲವೇ ಪಂಕ್ತಿಗಳ ಬರಹವಿದೆ. 1929ರಲ್ಲಿ ಡಾ. ಎಂ. ಎಚ್. ಕೃಷ್ಣರು ಅದನ್ನು ಓದಿ ಬೆಳಕಿಗೆ ತಂದಂದಿನಿಂದ ವಿದ್ವಾಂಸರು ವಾದಿಸುತ್ತ ಬಂದಿರುವುದು ಅದರಲ್ಲಿ ಹೆಸರಿಸಲಾದ ಶತ್ರುರಾಜರನ್ನು ಕುರಿತು: ಆ ಪಾಠ ಸರಿಯೇ, ಅಷ್ಟು ದೂರದ ರಾಜರನ್ನು ಅವನು ಗೆದ್ದಿರಬಹುದೇ ಎಂದು. ಆ ಕೆರೆಯ ನೀರು ಯಾವ ಹೊಲಕ್ಕೆ ಹೋಯಿತೆಂದು ಕೇಳಿದವರು ಇಲ್ಲವೆಂದೇ ಹೇಳಬೇಕು, ಶಾಸನಕಾರನೂ ಹೇಳಿಲ್ಲ. ಇದೇ ವಂಶದ ಕಾಕುತ್ಸ್ಥವರ್ಮನ ಕೆರೆಯನ್ನು ತಾಳಗುಂದದ ಸ್ತಂಭದ ಮೇಲೆ ಕುಬ್ಜಕವಿಯು ಸೊಗಸಾದ ಸಂಸ್ಕೃತದಲ್ಲಿ ಕೊಂಡಾಡಿದಾಗಲೂ ಕೀರ್ತಿಯ ಪ್ರವಾಹ ಏರಿಯ ಮೇಲೆಯೇ ನಿಂತಿತು. ತೂಬಿನಿಂದ ಕೆಳಕ್ಕೆ ಇಳಿಯಲಿಲ್ಲ.

ಈ ಪ್ರಶಸ್ತಿಗಳ ನಡುವೆ ಬೇರೆ ಜಾತಿಗೆ ಸೇರಿದ ಶಾಸನವೊಂದು ಗಡಿಯಾಚೆಯ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿದೆ. ವಿಜಯನಗರದ ಒಂದನೆಯ ಬುಕ್ಕನ ಮಗ ಭಾಸ್ಕರ, ಅಥವಾ ಭವದೂರ, ಎಂಬವನು 1369ರಲ್ಲಿ ಬರೆಯಿಸಿದುದು. ಸಾವಿರ ಆಳುಗಳೂ ನೂರು ಗಾಡಿಗಳೂ ಎರಡು ವರ್ಷ ದುಡಿದು ಮುಗಿಸಿದ ಕೆರೆಯನ್ನು ವರ್ಣಿಸುತ್ತ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಕೆರೆಯನ್ನು ಕೆಡಿಸುವ ಆರು ದೋಷಗಳನ್ನೂ ಅದು ಎಣಿಸುತ್ತದೆ. ಏರಿಯಲ್ಲಿ ಸೋರುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ನಡುವೆ ನೆಲ ಉಬ್ಬಿರುವುದು: ಇವು ನಾಲ್ಕು ಯಾವ ಕಾಲದ ಇಂಜಿನಿಯರನೂ ಹೇಳಬಹುದಾದವು. ಉಳಿದ ಎರಡು ದೋಷಗಳು ವಿಶೇಷವಾದವು. ನೀರು ಸ್ವಲ್ಪವಿದ್ದು ನೆಲ ವಿಸ್ತಾರವಾಗಿರುವುದು ಒಂದು. ನೆಲ ಸ್ವಲ್ಪವಿದ್ದು ನೀರು ಅತಿಯಾಗಿರುವುದು ಇನ್ನೊಂದು. ಹೊಗಳಿಕೆಯ ನಡುವೆ ಕುಳಿತು, ಇಷ್ಟು ನೀರಿಗೆ ಇಷ್ಟೇ ನೆಲ ಎಂದು ಲೆಕ್ಕ ಹೇಳಿದ ಆ ವಿದ್ವಾಂಸನ ಬರಹದಲ್ಲಿ ಅಲಂಕಾರ ಕಡಮೆ. ಆದರೂ ಕುಬ್ಜನ ಕಾವ್ಯಕ್ಕಿಂತ ಅದು ಬಯಲುನಾಡಿನವನ ಎದೆಗೆ ಹತ್ತಿರವಾಗಿ ಕೇಳಿಸುತ್ತದೆ.

ಹಂಚಿಕೆಯ ಭಾಷೆ ಕನ್ನಡದಲ್ಲಿ ಇರಲಿಲ್ಲವೆಂದಲ್ಲ. ಬಿತ್ತುವಟ್ಟ, ಕಟ್ಟುಕೊಡಗೆ, ದಸವಂದ ಎಂದು ಶಾಸನಗಳ ಗದ್ಯದಲ್ಲಿ ಮತ್ತೆ ಮತ್ತೆ ಬರುವ ಮಾತುಗಳು, ಕೆರೆಯನ್ನು ಕಟ್ಟಿದವನಿಗೆ, ಕಾಪಾಡಿದವನಿಗೆ, ದುರಸ್ತು ಮಾಡಿಸಿದವನಿಗೆ ಭೂಮಿಯಲ್ಲಿ ಅಥವಾ ಬೆಳೆಯಲ್ಲಿ ಏನು ಸಲ್ಲಬೇಕೆಂಬುದನ್ನು ಗೊತ್ತುಮಾಡಿದವು. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ಅಚ್ಚಗನ್ನಡದ ಪದಗಳೂ, ತೂಬನ್ನು ತೆರೆದು ಮುಚ್ಚಿ ಪ್ರತಿಯೊಬ್ಬನ ಸರದಿಯನ್ನು ನಡೆಸುತ್ತಿದ್ದ ನೀರಗಂಟಿಯೂ ಇದ್ದರು. ಶಾಸನದ ಪದ್ಯಭಾಗ ರಾಜನಿಗೆ, ಗದ್ಯಭಾಗ ನೀರಿಗೆ ಎಂಬಂತಹ ವಿಭಾಗವೊಂದು ಹೇಗೋ ಏರ್ಪಟ್ಟಿತು. ಸಾಹಿತ್ಯಚರಿತ್ರೆಯನ್ನು ಬರೆದವರು ಪದ್ಯಭಾಗವನ್ನು ಮಾತ್ರ ಆಯ್ದುಕೊಂಡರು.

ಈ ಸಂದರ್ಭದಲ್ಲಿ ‘ಕೆರೆಗೆ ಹಾರ’ವನ್ನು ಮತ್ತೊಮ್ಮೆ ಓದಬೇಕು. ಕಲ್ಲನಕೇರಿಯ ಮಲ್ಲನಗೌಡನು ಕೆರೆ ತೋಡಿಸಿದನು, ನೀರು ಬೀಳಲಿಲ್ಲ, ಬಲಿ ಬೇಕೆಂದಾಯಿತು, ಹಿರಿಯರು ಕಿರಿಯ ಸೊಸೆ ಭಾಗೀರಥಿಯನ್ನು ಆರಿಸಿದರು. ಶಾಲೆಯ ಮಕ್ಕಳಿಗೂ ತಿಳಿದಿರುವ ಈ ಕಥನಗೀತವನ್ನು ಒಂದು ಪಕ್ಷದವರು ತ್ಯಾಗದ ಮಹಿಮೆಯೆಂದು ಕೊಂಡಾಡಿದರು. ಇನ್ನೊಂದು ಪಕ್ಷದವರು ಹೆಣ್ಣಿಗಾದ ಅನ್ಯಾಯವೆಂದು ಖಂಡಿಸಿದರು. ಎರಡನೆಯ ಪಕ್ಷಕ್ಕೆ ಬಲ ಹೆಚ್ಚೆಂಬುದರಲ್ಲಿ ಸಂಶಯವಿಲ್ಲ. ಆದರೆ ಎರಡು ಪಕ್ಷದವರೂ ಗಮನಿಸದೆ ಬಿಟ್ಟ ಸಂಗತಿಯೊಂದಿದೆ: ಈ ಹಾಡಿನ ಹೃದಯದಲ್ಲಿರುವುದು ಒಂದು ಹಂಚಿಕೆ. ಮನೆಯ ಸೊಸೆಯರಲ್ಲಿ ಯಾರನ್ನು ಕೊಟ್ಟರೆ ಮನೆಗೆ ನಷ್ಟ ಕಡಮೆ ಎಂದು ಹಿರಿಯರು ಲೆಕ್ಕ ಹಾಕುವರು. ಹಿರಿಯ ಸೊಸೆಗೆ ಹಿರಿತನದ ರಕ್ಷೆಯುಂಟು. ಕಿರಿಯಳಿಗೆ ಗಂಡನೂ ಹತ್ತಿರವಿಲ್ಲ, ದಂಡಿಗೆ ಹೋಗಿದ್ದಾನೆ. ಕೊರತೆ ಬಂದಾಗ ಭಾರವು ಬಲವಿಲ್ಲದವರ ಪಾಲಿಗೆ ಹೋಗುವ ಬಗೆಯನ್ನು ಇಷ್ಟು ಕಡಮೆ ಮಾತಿನಲ್ಲಿ ತೋರಿಸಿದ ಕೃತಿ ಕನ್ನಡದಲ್ಲಿ ಮತ್ತೊಂದಿಲ್ಲ.

ಇದಕ್ಕಿಂತ ಸೂಕ್ಷ್ಮವಾದುದು ಭಾಗೀರಥಿಯು ತವರಿಗೆ ಹೋದಾಗಿನ ಮಾತು. ತಂದೆತಾಯಿಯರು ಮುಖ ಬಾಡಿರುವುದೇಕೆಂದು ಕೇಳಿದರೆ, ಅತ್ತೆಮಾವಂದಿರು ತನ್ನನ್ನು ಬೇರೆ ಇಡುವರಂತೆ ಎನ್ನುತ್ತಾಳೆ. ನಿಜವನ್ನು ಹೇಳುವುದು ಗೆಳತಿಗೆ ಮಾತ್ರ. ಸಾವನ್ನು ಮುಚ್ಚಲು ಆಕೆಗೆ ಸಿಕ್ಕಿದ ಮಾತು ಪಾಲಿನ ಮಾತು! ಮನೆಯಲ್ಲಿ ಪಾಲಾಗುವುದು ದುಃಖವಾದರೂ ಬದುಕಬಹುದಾದ ದುಃಖ. ತಂದೆಯು ಅದಕ್ಕೆ ಪರಿಹಾರವಾಗಿ ಹೊಲಮನೆಯನ್ನು ಕೊಡುವೆನೆನ್ನಬಲ್ಲನು. ಕೆರೆಗೆ ಹೋಗುವವಳಿಗೆ ಹೊಲವೇಕೆ? ಜನಪದ ಕವಿಗೆ ತಾನು ಏನು ಮಾಡುತ್ತಿರುವೆನೆಂಬುದು ಚೆನ್ನಾಗಿ ತಿಳಿದಿತ್ತೆಂಬುದಕ್ಕೆ ಈ ಒಂದು ಸ್ಥಳ ಸಾಕು. ಆಮೇಲೆ ಏರಿಯ ಮೇಲೆ ಪೂಜೆ, ಊಟ, ಮರೆತ ಬಂಗಾರದ ಬಟ್ಟಲು, ಒಂದೊಂದು ಮೆಟ್ಟಿಲಿಗೂ ಒಂದೊಂದು ಅಂಗವನ್ನು ಮುಟ್ಟುವ ನೀರು. ಗಂಡ ಮಾದೇವರಾಯನು ಕೇಡಿನ ಕನಸು ಕಂಡು ಓಡಿಬಂದು ಅದೇ ಕೆರೆಗೆ ಹಾರುವನು. ಕೆರೆ ತುಂಬಿತು. ಆ ನೀರು ಯಾರ ಹೊಲಕ್ಕೆ ಹೋಯಿತೆಂದು ಹಾಡು ಹೇಳುವುದಿಲ್ಲ. ಚಂದ್ರವಳ್ಳಿಯ ಶಾಸನಕಾರನ ಮೌನಕ್ಕೂ ಈ ಮೌನಕ್ಕೂ ವ್ಯತ್ಯಾಸವಿದೆ: ಅವನು ಕೇಳಬೇಕೆಂದು ತಿಳಿಯದೆ ಸುಮ್ಮನಾದನು, ಈ ಕವಿಯು ಕೇಳುವ ಬಾಯಿಯನ್ನೇ ಕಟ್ಟಿಬಿಟ್ಟನು. ತಂದವನ ಹೆಸರು ಭಗೀರಥ, ತೆತ್ತವಳ ಹೆಸರು ಭಾಗೀರಥಿ. ಬಿರುದು ಹೊಸೆಯುವ ಕವಿಗಳಿಗೆ ಎರಡನೆಯ ಹೆಸರು ನೆನಪಾದುದೇ ಇಲ್ಲ.

ಜಿಲ್ಲೆಯ ಸ್ವಂತ ಸಾಹಿತ್ಯ ಈ ವಿಷಯದಲ್ಲಿ ಎಷ್ಟು ದೂರ ಬಂದಿದೆ? ಚಳ್ಳಕೆರೆ ತಾಲ್ಲೂಕಿನ ತಳುಕು ಕನ್ನಡಕ್ಕೆ ಟಿ. ಎಸ್. ವೆಂಕಣ್ಣಯ್ಯನವರನ್ನು ಕೊಟ್ಟ ಊರು. ಅದೇ ಮನೆತನದ ತ. ರಾ. ಸು. ಅವರು ಚಿತ್ರದುರ್ಗದ ಪಾಳೆಯಗಾರರನ್ನು ಕಾದಂಬರಿಗಳಲ್ಲಿ ಮತ್ತೆ ಬದುಕಿಸಿದರು. ‘ದುರ್ಗಾಸ್ತಮಾನ’ದಲ್ಲಿ (1982) ಕೋಟೆಯ ಒಂದೊಂದು ಕಲ್ಲೂ ಮಾತಾಡುತ್ತದೆ. ಆದರೆ ಆ ಇಡೀ ಕಾದಂಬರೀಲೋಕದ ಮನಸ್ಸು ಕತ್ತಿ, ಕುದುರೆ, ಒಳಸಂಚುಗಳಲ್ಲಿ. ಕೆರೆಯ ಏರಿಯಲ್ಲಿ ಅಲ್ಲ. ಹಲವು ಕೆರೆಗಳನ್ನು ಕಟ್ಟಿಸಿದನೆಂದು ಖ್ಯಾತನಾದ ಭರಮಣ್ಣನಾಯಕನು ಜನರ ಬಾಯಲ್ಲಿ ಉಳಿದಿರುವುದು ‘ಬಿಚ್ಚುಗತ್ತಿ’ಯಾಗಿ. ಓಬವ್ವನ ಕಥೆಯೂ ಅಷ್ಟೆ: ಊಟಕ್ಕೆ ಕುಳಿತ ಗಂಡನಿಗೆ ನೀರು ತರಲೆಂದು ಆಕೆ ಹೊರಟಿದ್ದಳೆಂದು ಜನ ಹೇಳುವರು, ಒನಕೆ ನೆನಪಿದೆ, ಕೊಡ ಮರೆತುಹೋಗಿದೆ.

ಕಾಡುಗೊಲ್ಲರು ಗಣೆಯೂದಿ ಹಾಡುವ ಜುಂಜಪ್ಪನ ಕಾವ್ಯವೂ, ಮ್ಯಾಸಬೇಡರ ಗಾದ್ರಿಪಾಲನಾಯಕನ ಕಥನವೂ ಇನ್ನೊಂದು ಬಗೆಯವು. ಅಲ್ಲಿ ವೀರನು ನೀರನ್ನು ತನ್ನಲ್ಲಿಗೆ ತರುವುದಿಲ್ಲ. ದನಗಳೊಡನೆ ತಾನೇ ನೀರಿದ್ದೆಡೆಗೆ, ಹುಲ್ಲಿದ್ದೆಡೆಗೆ ನಡೆಯುವನು. ಬಯಲುನಾಡಿನ ಅತ್ಯಂತ ಹಳೆಯ ವಿವೇಕ ಇದೇ ಇರಬಹುದು. ಕಾವಲುಗಳು ಕರಗುತ್ತ ಬಂದು, ಹಿಂಡು ನಡೆಯುವ ಹಾದಿಗಳಿಗೆ ಬೇಲಿ ಬಿದ್ದಿರುವಾಗ ಆ ಕಾವ್ಯವನ್ನು ಜಾನಪದದ ಕುತೂಹಲವೆಂದು ಮಾತ್ರ ಓದುವುದು ಸುಲಭ. ಅದಕ್ಕೆ ಪ್ರತ್ಯೇಕ ಲೇಖನವೇ ಬೇಕು.

ಕೆರೆಯನ್ನೂ ಹಂಚಿಕೆಯನ್ನೂ ಒಂದೇ ಮಾತಿನಲ್ಲಿ ಸೇರಿಸಿದವರು ಈ ತಾಲ್ಲೂಕಿನಲ್ಲಿ ಒಬ್ಬರಿದ್ದರು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಸುತ್ತಲೂ ಐದು ಕೆರೆಗಳನ್ನು ಕಟ್ಟಿಸಿದರೆಂದು ಭಕ್ತರು ನಂಬುವರು. ಫಾಲ್ಗುಣದ ರಥೋತ್ಸವಕ್ಕೆ ಬರುವ ಅಸಂಖ್ಯಾತ ಜನರು ಅವರ ಹೆಸರಿನೊಡನೆ ಹೇಳುವ ಮಾತು ‘ಮಾಡಿದಷ್ಟು ನೀಡು ಭಿಕ್ಷೆ’. ಇದನ್ನು ಸಾಮಾನ್ಯವಾಗಿ ಕಾಯಕದ ಉಪದೇಶವೆಂದು ವ್ಯಾಖ್ಯಾನಿಸಿ ಮುಂದೆ ಹೋಗುವರು. ಆದರೆ ಕೆರೆಯ ಮಣ್ಣು ಹೊತ್ತವರಿಗೆ ಅವರವರ ದುಡಿಮೆಗೆ ತಕ್ಕಷ್ಟೇ ಕೂಲಿ ಸಂದಿತೆಂಬ ಐತಿಹ್ಯದ ಪಕ್ಕದಲ್ಲಿಟ್ಟು ಕೇಳಿದರೆ ಆ ಮಾತಿನಲ್ಲಿ ಬೇರೊಂದು ದನಿ ಕೇಳಿಸುವುದು. ‘ಅಷ್ಟು’ ಎಂಬ ಆ ಪುಟ್ಟ ಪ್ರತ್ಯಯದಲ್ಲಿ ಅಳತೆಯಿದೆ. ದಾನಶಾಸನಗಳ ಕವಿಗೆ ಈ ಪ್ರತ್ಯಯದ ಪರಿಚಯವಿರಲಿಲ್ಲ. ಅವನಲ್ಲಿ ಎಲ್ಲವೂ ಸಮುದ್ರ, ಎಲ್ಲವೂ ಕ್ಷೀರಸಾಗರ. ಸ್ವಾಮಿಗಳನ್ನು ಕುರಿತ ಭಕ್ತಿಗೀತಗಳಾದರೂ ಈ ದನಿಯನ್ನು ಹಿಡಿಯಬಹುದಿತ್ತು. ಅವು ಪವಾಡಗಳ ಕಡೆಗೆ ಹೋದವು.

ಸಮುದ್ರದ ಮಾತು ಬಂದುದರಿಂದ ವಾಣಿವಿಲಾಸ ಸಾಗರವನ್ನೂ ನೋಡಬೇಕು. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಮೊದಲಾಗಿ 1907ರಲ್ಲಿ ಮುಗಿದ ಈ ಕಟ್ಟೆ ಮೂವತ್ತು ಟಿ. ಎಂ. ಸಿ. ನೀರನ್ನು ಹಿಡಿಯಬಲ್ಲುದು. ಅದು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ, 89 ವರ್ಷಗಳ ಅನಂತರ. ಆಮೇಲೆ 2025ರ ಜನವರಿಯಲ್ಲಿ ಇನ್ನೊಮ್ಮೆ. ಕೋಡಿ ಬಿದ್ದ ವರ್ಷಗಳಲ್ಲಿ ಬಾಗಿನದ ಪದ್ಯಗಳು ಧಾರಾಳವಾಗಿ ಹುಟ್ಟಿದವು, ಸಂತೋಷವೇ. ನಡುವಣ ಎಂಬತ್ತೊಂಬತ್ತು ವರ್ಷಗಳಲ್ಲಿ ಎರಡು ಮೂರು ತಲೆಮಾರಿನ ರೈತರು ಅದೇ ಕಟ್ಟೆಯ ಕಡಮೆ ನೀರಿನಲ್ಲಿ ಬದುಕಿದರು. ಆ ಬದುಕಿನ ಕಾವ್ಯ ಎಲ್ಲಿದೆ? ಹಿರಿಯೂರಿನ ಅಚ್ಚುಕಟ್ಟಿಗೆ ಎಷ್ಟು, ನದಿಯಲ್ಲಿ ಬಿಟ್ಟು ಚಳ್ಳಕೆರೆಯ ಕಡೆಗೆ ಎಷ್ಟು ಎಂಬ ವಿವಾದ ಈಚಿನ ವರ್ಷಗಳಲ್ಲಿ ಬಿಸಿಯಾದಾಗ, ನೆರೆಹೊರೆಯ ಎರಡು ತಾಲ್ಲೂಕುಗಳ ಬರಹಗಾರರು ತಮ್ಮ ತಮ್ಮ ತಾಲ್ಲೂಕಿನ ಭಗೀರಥರನ್ನು ಹೊಗಳುವುದರಾಚೆಗೆ ಹೋಗಲಿಲ್ಲ.

ಈಗ ಎಲ್ಲರ ಕಣ್ಣೂ ಭದ್ರಾ ಮೇಲ್ದಂಡೆ ಯೋಜನೆಯ ಮೇಲಿದೆ. 2023ರ ಕೇಂದ್ರದ ಆಯವ್ಯಯದಲ್ಲಿ ಇದಕ್ಕೆ 5,300 ಕೋಟಿ ರೂಪಾಯಿಗಳ ನೆರವು ಘೋಷಿತವಾದಾಗ ಭಗೀರಥರ ಸಂಖ್ಯೆ ಒಂದೇ ವಾರದಲ್ಲಿ ಹೆಚ್ಚಿತು. ಯೋಜನೆಯ ಲೆಕ್ಕವನ್ನು ಓದಿದರೆ ಆ ರೂಪಕ ಎಷ್ಟು ಅಸಂಗತವೆಂಬುದು ತಿಳಿಯುವುದು. ತುಂಗೆಯಿಂದಲೂ ಭದ್ರೆಯಿಂದಲೂ ಒಟ್ಟು 29.9 ಟಿ. ಎಂ. ಸಿ., ಎಂದರೆ 2,990 ಕೋಟಿ ಘನಅಡಿ ನೀರು. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳಲ್ಲಿ 2,25,515 ಹೆಕ್ಟೇರು ನೆಲ. ಅದರ ಜೊತೆಗೆ 367 ಕೆರೆಗಳಿಗೆ ಅವುಗಳ ಅರ್ಧದಷ್ಟು ನೀರು. ಕೆರೆಗಳ ಪಾಲನ್ನೂ ದಾರಿಯ ನಷ್ಟವನ್ನೂ ಕಳೆಯದೆ ಇಡೀ ನೀರನ್ನು ಆ ನೆಲದ ಮೇಲೆ ಹರಡಿದರೂ ಒಂದೂಕಾಲು ಅಡಿ ಪೂರ್ತಿ ನಿಲ್ಲದು. ಚಳ್ಳಕೆರೆಯಲ್ಲಿ ವರ್ಷಕ್ಕೆ ಸಾಧಾರಣವಾಗಿ ಬೀಳುವ ಮಳೆಗಿಂತಲೂ ಅದು ಕಡಮೆ. ಆದುದರಿಂದಲೇ ಯೋಜನೆಯನ್ನು ಹನಿ ನೀರಾವರಿಯ ಮೇಲೆ ನಿಲ್ಲಿಸಲಾಗಿದೆ. ಪೋರುಮಾಮಿಳ್ಳದ ವಿದ್ವಾಂಸನು ಇದನ್ನು ಕಂಡಿದ್ದರೆ, ನೀರು ಸ್ವಲ್ಪ, ನೆಲ ವಿಸ್ತಾರ ಎಂದು ತನ್ನ ಐದನೆಯ ದೋಷವನ್ನು ನೆನೆಯುತ್ತಿದ್ದನು. ದೋಷವನ್ನು ಅರಿತೇ ಅಳತೆಯಿಂದ ಅದನ್ನು ಗೆಲ್ಲಲು ಹೊರಟವರ ಧೈರ್ಯವನ್ನೂ ಬಹುಶಃ ಮೆಚ್ಚುತ್ತಿದ್ದನು. ಭೋರ್ಗರೆದು ಧುಮುಕುವ ಗಂಗೆಗೆ ಇಲ್ಲಿ ಎಡೆಯಿಲ್ಲ. ಭತ್ತವನ್ನೂ ಅಡಿಕೆಯನ್ನೂ ಕನಸು ಕಾಣುತ್ತಿರುವ ರೈತನಿಗೆ ಇದನ್ನು ಇಂದೇ ಹೇಳದೆ ಪ್ರವಾಹದ ಪದ್ಯಗಳನ್ನು ಓದಿಸಿದರೆ, ನೀರು ಬಂದ ದಿನ ಅವನಿಗೆ ಮೋಸಹೋದಂತೆ ಕಾಣುವುದು. ಕಾವ್ಯದ ಸುಳ್ಳಿಗೆ ಹೊಲದಲ್ಲಿ ದಂಡ ತೆರುವವನು ಕವಿಯಲ್ಲ.

ರೈತನ ಆಡುಮಾತು ಈ ವಿಷಯದಲ್ಲಿ ಕವಿಗಳಿಗಿಂತ ಮುಂದಿದೆ. ತನ್ನ ಬೋರಿನಲ್ಲಿ ಎರಡಿಂಚು ನೀರಿತ್ತು, ಈಗ ಒಂದಿಂಚಿಗೆ ಬಂದಿದೆ ಎನ್ನುತ್ತಾನೆ. ಕರೆಂಟು ಇಷ್ಟು ಗಂಟೆ ಇದ್ದರೆ ಈರುಳ್ಳಿಯ ಇಷ್ಟು ಮಡಿ ನೆನೆಯುವುದು ಎನ್ನುತ್ತಾನೆ. ದಾಳಿಂಬೆಯ ಗಿಡಕ್ಕೆ ದಿನಕ್ಕೆ ಎಷ್ಟು ನೀರೆಂದು ಬೆರಳು ಮಡಿಸಿ ಎಣಿಸುತ್ತಾನೆ. ‘ಹನಿ’ ಎಂಬ ಪದವನ್ನು ಕನ್ನಡದ ಕವಿಗಳು ಬಹುಕಾಲದಿಂದ ಕಣ್ಣೀರಿಗೂ ಇಬ್ಬನಿಗೂ ಮೀಸಲಿಟ್ಟಿದ್ದರು. ಬಯಲುನಾಡಿನಲ್ಲಿ ಅದು ಅಳತೆಯ ಮಾನವಾಗಿ ಪರಿಣಮಿಸಿದೆ. ಹೀಗೆ ಅರ್ಥ ಬದಲಾದ ಪದವೊಂದು ಕೈಗೆ ಸಿಕ್ಕಿದರೆ ಒಳ್ಳೆಯ ಕವಿ ಸುಮ್ಮನಿರಲಾರನು.

ನೀರಗಂಟಿ ಎಂಬ ಪದವೂ ಸತ್ತಿಲ್ಲ. ತೂಬಿನ ಬಳಿ ನಿಂತು ಮೇಲಣ ಹೊಲದವನ ಬೈಗುಳವನ್ನೂ ಕೆಳಗಣ ಹೊಲದವನ ಬೇಡಿಕೆಯನ್ನೂ ಕೇಳುತ್ತಿದ್ದವನು, ಇಂದು ಗ್ರಾಮಪಂಚಾಯಿತಿಯ ಸಣ್ಣ ಸಂಬಳದ ನೌಕರನಾಗಿ ಬೀದಿಯಿಂದ ಬೀದಿಗೆ ಹೋಗಿ ಕೊಳಾಯಿಯ ಗೇಟನ್ನು ತಿರುಗಿಸುವನು. ಯಾವ ಓಣಿಗೆ ಎಷ್ಟು ಹೊತ್ತು ಬಿಟ್ಟನೆಂಬುದರ ಮೇಲೆ ಊರಿನ ಆ ದಿನದ ಜಗಳವೂ ಸಮಾಧಾನವೂ ನಿಂತಿರುವುವು. ಮೇಲ್ದಂಡೆಯ ನೀರು 367 ಕೆರೆಗಳಿಗೆ ಅರ್ಧರ್ಧ ಬಂದಾಗ ಹಳೆಯ ತೂಬಿನ ಕೆಲಸಕ್ಕೂ ಅವನನ್ನೇ ಕರೆಯಬೇಕಾದೀತು. ಅವನನ್ನು ನಾಯಕನನ್ನಾಗಿ ಮಾಡಿಕೊಂಡ ಕಾದಂಬರಿಯೊಂದು ಈ ಜಿಲ್ಲೆಯಿಂದ ಬರುವುದಾದರೆ, ಅದರ ಮೊದಲ ಅಧ್ಯಾಯಕ್ಕೆ ಬೇಕಾದ ಸಾಮಗ್ರಿ ಪ್ರತಿ ಹಳ್ಳಿಯಲ್ಲಿಯೂ ಬೆಳಗ್ಗೆ ಆರು ಗಂಟೆಗೆ ಕೊಳಾಯಿಯ ಮುಂದಿನ ಕೊಡಗಳ ಸಾಲಿನಲ್ಲಿ ದೊರೆಯುವುದು.